ತಲೆ ಬೋಳಿಸಿದರೆ ಹೊಟ್ಟು ಹೋದೀತೇ?

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಸೋಮವಾರ. ಎಂಟನೆಯ ತರಗತಿಗೆ ಹಾಜರಿ ಕರೆಯಲೆಂದು ಹೋದಾಗ ಹಿಂದಿನ ಬೆಂಚಿನಲ್ಲಿ ಹುಡುಗನೊಬ್ಬ ತಲೆಗೆ ಬೈರಾಸು ಸುತ್ತಿ ಕುಳಿತಿದ್ದ. ತರಗತಿಯೊಳಗೆ ಮುಂಡಾಸು ಬೇಡ, ತೆಗೆ ಎಂದೆ. ಅವನು ತಲೆ ತಗ್ಗಿಸಿದ. ಇನ್ನೊಮ್ಮೆ ಸ್ವರ ಏರಿಸಿ ಹೇಳಿದೆ. ತೆಗೆದ. ನುಣ್ಣಗೆ ಬೋಳಿಸಿದ ತಲೆ. ಅದರ ಮೇಲೆ ಅಲ್ಲಲ್ಲಿ ಬೂದಿ ಮೆತ್ತಿದ ಹಾಗೆ ಬಿಳಿಯ ಮಚ್ಚೆಗಳು. ಒಂದು ಕ್ಷಣ ಎಲ್ಲರೂ ಮೌನ. ಮರುಕ್ಷಣ ಮೂವತ್ತು ಬಾಯಿಗಳ ನಗು.

ನಗುವನ್ನು ನಿಲ್ಲಿಸುವುದಕ್ಕೆ ಬೆತ್ತದಿಂದ ಮೇಜು ಬಡಿದೆ. ನಗು ನಿಂತಿತು. ಆದರೆ ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಬ್ಬೊಬ್ಬ ಮಗುವನ್ನೂ ಎಣಿಸಿ ಎಣಿಸಿ ಉಳಿಸಿಕೊಳ್ಳುವ ಕನ್ನಡ ತರಗತಿ ನಮ್ಮದು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಆರು ದಿನ ಗೈರುಹಾಜರಿ ಗುರುತು ಹಾಕಿದ ಮೇಲೆ, ಶನಿವಾರ ಮಧ್ಯಾಹ್ನ ಅವನ ಮನೆ ಹುಡುಕಿಕೊಂಡು ಹೊರಟೆ. ತಪ್ಪು ನನ್ನದೂ ಇತ್ತು ಎಂಬುದು ಗುಡ್ಡೆ ಹತ್ತುವಾಗ ಮನಸ್ಸಿಗೆ ಬಂತು.

ತಂದೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೇಳಿದ್ದಕ್ಕೆ ಹೇಳಿದರು: "ಹೊಟ್ಟು ಮಾಷ್ಟ್ರೇ. ಎಷ್ಟು ಎಣ್ಣೆ ಹಾಕಿದರೂ ಹೋಗುವುದಿಲ್ಲ. ಆಸ್ಪತ್ರೆ ಮದ್ದೂ ಆಯಿತು, ಅದರಿಂದಲೂ ಪ್ರಯೋಜನ ಇಲ್ಲ. ಮತ್ತೆ ಎಂತ ಮಾಡುವುದು? ಬೋಳಿಸಿಬಿಟ್ಟೆ. ಇನ್ನು ಬರಲಿಕ್ಕಿಲ್ಲ." ಒಳಗಿನಿಂದ ತಾಯಿ ಸೇರಿಸಿದರು: "ಚಿಕ್ಕವಳಿಗೂ ಶುರುವಾಗಿದೆ. ನಾಳೆ ಆದಿತ್ಯವಾರ ಅವಳದ್ದೂ ತೆಗೆಸುವುದು ಅಂತ." ಬಾಗಿಲ ಸಂದಿಯಲ್ಲಿ ಎರಡನೆಯ ತರಗತಿಯ ಹುಡುಗಿ ತನ್ನ ಎರಡು ಜಡೆಗಳನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ನಾಳೆ ಬೇಡ. ಸೋಮವಾರ ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗುವ, ನಾನೂ ಬರುತ್ತೇನೆ" ಎಂದೆ. ಆ ಸೋಮವಾರ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಹೊಟ್ಟಿನ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ. ಏಕೆಂದರೆ ಆ ತಂದೆ ಹೇಳಿದ ಮಾತನ್ನೇ ಹೇಳುವವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ.

ಬೋಳಿಸಿದವರಲ್ಲಿ ನಾನೂ ಒಬ್ಬ

ಅನ್ಯರನ್ನು ದೂರುವ ಅಧಿಕಾರ ನನಗಿಲ್ಲ. ಗಡಿಯಾಚೆಗೆ ಹೋಗಿ ಟಿ.ಸಿ.ಎಚ್. ಓದುತ್ತಿದ್ದ ಕಾಲದಲ್ಲಿ ನನ್ನ ತಲೆಯಲ್ಲಿ ಹೊಟ್ಟು ತುಂಬಿತ್ತು. ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋಗಿ ಕರಿಹಲಗೆಯ ಕಡೆ ತಿರುಗಿದರೆ ಹಿಂದಿನಿಂದ ಮಕ್ಕಳು ಪಿಸುಗುಟ್ಟುತ್ತಿದ್ದರು. ನನ್ನ ಭುಜದ ಮೇಲಿನ ಬಿಳಿಪುಡಿ ಸೀಮೆಸುಣ್ಣದ್ದಲ್ಲವೆಂದು ಅವರಿಗೆ ಗೊತ್ತಿತ್ತು. ಗಾಢ ಬಣ್ಣದ ಅಂಗಿ ಹಾಕುವುದನ್ನೇ ಬಿಟ್ಟೆ.

ಕೆಲವು ವರ್ಷಗಳ ಮೇಲೆ ತಂದೆಯವರು ತೀರಿಕೊಂಡರು. ಕ್ರಿಯೆಗೆ ಕುಳಿತಾಗ ತಲೆ ಬೋಳಿಸಿದೆ. ದುಃಖದ ನಡುವೆಯೂ ಒಂದು ಸಂಗತಿ ಗಮನಕ್ಕೆ ಬಂತು: ತುರಿಕೆ ಇಲ್ಲ, ಉದುರುವುದಿಲ್ಲ, ತಲೆ ತಣ್ಣಗಿದೆ. ಅಬ್ಬಾ, ಒಂದು ಪೀಡೆ ತೊಲಗಿತು ಎಂದುಕೊಂಡೆ. ಮೂರು ವಾರ ಹಾಗೆಯೇ ಹೋಯಿತು. ಕೂದಲು ಒಂದು ಬೆರಳಗೆಣ್ಣಿನಷ್ಟು ಬೆಳೆದು, ಬಾಚಣಿಗೆ ಹಿಡಿಯುವ ಹೊತ್ತಿಗೆ ಹೊಟ್ಟು ತನ್ನ ಹಳೆಯ ಜಾಗಕ್ಕೆ ಹಿಂತಿರುಗಿತ್ತು. ಬಾಡಿಗೆಯವನು ಹಬ್ಬಕ್ಕೆ ಊರಿಗೆ ಹೋಗಿ ಬಂದ ಹಾಗೆ!

ಯಾಕೆ ಹೀಗಾಯಿತು? ಉತ್ತರ ಕೂದಲಿನಲ್ಲಿ ಇಲ್ಲ, ಚರ್ಮದಲ್ಲಿ ಉಂಟು.

ಹೊಟ್ಟು ಎಂದರೆ ಏನು?

ನಮ್ಮ ಚರ್ಮದ ಹೊರಪದರ ಸದಾ ಸವೆದು ಹೋಗುತ್ತಲೇ ಇರುತ್ತದೆ. ಕೆಳಗೆ ಹುಟ್ಟಿದ ಹೊಸ ಕೋಶಗಳು ಮೇಲಕ್ಕೆ ಬಂದು, ಒಣಗಿ, ಸುಮಾರು ಒಂದು ತಿಂಗಳಿನಲ್ಲಿ ಉದುರುತ್ತವೆ. ಒಂದೊಂದಾಗಿ ಉದುರುವುದರಿಂದ ಅದು ನಮ್ಮ ಕಣ್ಣಿಗೆ ಕಾಣಿಸದು. ಹೊಟ್ಟಿರುವ ತಲೆಯಲ್ಲಿ ಈ ಕೆಲಸ ಅವಸರದಲ್ಲಿ ನಡೆಯುತ್ತದೆ. ಸರಿಯಾಗಿ ಬಲಿಯದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಹಿಂಡು ಹಿಂಡಾಗಿ ಕಳಚುತ್ತವೆ. ಭುಜದ ಮೇಲೆ ಕಾಣುವ ಬಿಳಿಯ ಪುಡಿ ಅದೇ.

ಅವಸರಕ್ಕೆ ಕಾರಣ ಏನು? ನೆತ್ತಿಯ ಚರ್ಮದೊಳಗೆ, ಪ್ರತಿಯೊಂದು ಕೂದಲ ಬುಡದ ಪಕ್ಕದಲ್ಲಿ, ಎಣ್ಣೆಯಂತಹ ಜಿಡ್ಡನ್ನು ಒಸರುವ ಪುಟ್ಟ ಗ್ರಂಥಿಗಳಿವೆ. ಆ ಜಿಡ್ಡನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ಉಂಟು. ಅದು ಹೊರಗಿನಿಂದ ಬಂದ ಶತ್ರುವಲ್ಲ. ದೊಡ್ಡವರಾದ ಬಹುತೇಕ ಎಲ್ಲರ ತಲೆಯಲ್ಲೂ ವಾಸವಾಗಿರುತ್ತದೆ. ೧೮೭೪ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಶಾರ್ಲ್ ಮಲಾಸೆ ಇದನ್ನು ಹೊಟ್ಟಿನಲ್ಲಿ ಗುರುತಿಸಿ ವಿವರಿಸಿದರು. ಅವರ ಹೆಸರಿನಿಂದಲೇ ಇದಕ್ಕೆ ಮಲಾಸೀಸಿಯ ಎಂಬ ಹೆಸರು ಬಂದಿದೆ. ಜಿಡ್ಡನ್ನು ಒಡೆದು ತಿಂದ ಮೇಲೆ ಅದು ಒಲೆಯಿಕ್ ಆಮ್ಲವೇ ಮೊದಲಾದ ಪದಾರ್ಥಗಳನ್ನು ಚರ್ಮದ ಮೇಲೆ ಬಿಡುತ್ತದೆ. ಕೆಲವರ ಚರ್ಮ ಅದನ್ನು ತಾಳಿಕೊಳ್ಳುತ್ತದೆ. ಕೆಲವರದ್ದು ತಾಳದೆ ಕೆರಳುತ್ತದೆ, ತುರಿಸುತ್ತದೆ, ಅವಸರದಲ್ಲಿ ಕೋಶಗಳನ್ನು ಉದುರಿಸುತ್ತದೆ. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಹೊಟ್ಟಿನ ಉಪದ್ರವ ಬರುತ್ತದೆಂದು ವೈದ್ಯರು ಹೇಳುತ್ತಾರೆ. ಆದುದರಿಂದ ಹೊಟ್ಟು ಕೊಳಕುತನದ ಲಕ್ಷಣವೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ.

ಇಲ್ಲಿ ಹೆತ್ತವರು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಒಂದು ವಿಷಯ ಉಂಟು. ಈ ಜಿಡ್ಡಿನ ಗ್ರಂಥಿಗಳು ಚುರುಕಾಗುವುದು ಮಕ್ಕಳು ಪ್ರಾಯಕ್ಕೆ ಬರುವ ಹೊತ್ತಿಗೆ. ಹಾಗಾಗಿ ಎಳೆಯ ಕೂಸುಗಳ ನೆತ್ತಿಯಲ್ಲಿ ಕೆಲವೊಮ್ಮೆ ಕಟ್ಟುವ, ತಾನಾಗಿಯೇ ಹೋಗುವ ಹಳದಿ ಪೊರೆಯನ್ನು ಬಿಟ್ಟರೆ, ಪ್ರಾಥಮಿಕ ಶಾಲೆಯ ಸಣ್ಣ ಮಕ್ಕಳಲ್ಲಿ ನಿಜವಾದ ಹೊಟ್ಟು ಅಪರೂಪ. ಏಳು ವರ್ಷದ ಮಗುವಿನ ತಲೆಯಲ್ಲಿ ಬಿಳಿ ಪುಡಿ ಕಂಡರೆ "ಹೊಟ್ಟು" ಎಂದು ತೀರ್ಮಾನಿಸುವ ಮೊದಲು ಒಮ್ಮೆ ಯೋಚಿಸಬೇಕು.

ಬೋಳಿಸಿದರೆ ಆಗುವುದು, ಆಗದಿರುವುದು

ತಲೆ ಬೋಳಿಸಿದರೆ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಪುಡಿ ಸಿಕ್ಕಿಕೊಳ್ಳುವುದಕ್ಕೆ ಕೂದಲಿಲ್ಲದ ಕಾರಣ ಒಂದು ಚೊಂಬು ನೀರಿಗೆ ತೊಳೆದು ಹೋಗುತ್ತದೆ. ಹಚ್ಚಿದ ಮದ್ದು ನೇರವಾಗಿ ಚರ್ಮಕ್ಕೆ ತಾಗುತ್ತದೆ. ಬೆವರು ಬೇಗ ಆರುತ್ತದೆ. ದಪ್ಪಗೆ ಪೊರೆ ಕಟ್ಟಿದವರಿಗೆ ಕೂದಲನ್ನು ಸಣ್ಣಗೆ ಕತ್ತರಿಸಿದರೆ ಮದ್ದು ಹಚ್ಚಲು ಅನುಕೂಲ ಎಂಬುದೂ ಸರಿಯೇ. ನನ್ನ ತಲೆ ಮೂರು ವಾರ ತಣ್ಣಗಿದ್ದದ್ದು ಇದರಿಂದಲೇ.

ಆದರೆ ಕತ್ತಿ ಮುಟ್ಟುವುದು ಚರ್ಮದ ಹೊರಗೆ ನಿಂತ ಕೂದಲನ್ನು ಮಾತ್ರ. ಅದು ಜೀವವಿಲ್ಲದ ನೂಲು. ಬೇರು ಚರ್ಮದ ಒಳಗೆ ಕೆಲವು ಮಿಲಿಮೀಟರ್ ಆಳದಲ್ಲಿ ಉಂಟು, ಜಿಡ್ಡಿನ ಗ್ರಂಥಿಯೂ ಅಲ್ಲೇ ಉಂಟು. ಗ್ರಂಥಿ ಒಸರುತ್ತಲೇ ಇರುತ್ತದೆ, ಶಿಲೀಂಧ್ರ ಉಣ್ಣುತ್ತಲೇ ಇರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ; ಅದರ ಜೊತೆಗೆ ಹಳೆಯ ಕಥೆಯೂ ಬೆಳೆಯುತ್ತದೆ.

ತೋಟವಿರುವ ಓದುಗರಿಗೆ ಇದನ್ನು ಸುಲಭವಾಗಿ ಹೇಳಬಹುದು. ಅಡಿಕೆಗೆ ಕೊಳೆರೋಗ ಬಂತೆಂದು ಯಾರಾದರೂ ಮರದ ತಲೆ ಕಡಿಯುತ್ತಾರೆಯೇ? ಮಳೆ ಹಿಡಿಯುವ ಮೊದಲು ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಮದ್ದು ಬಿಡುತ್ತೇವೆ. ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬಿಡುತ್ತೇವೆ. ಒಮ್ಮೆ ಬಿಟ್ಟು ಸುಮ್ಮನೆ ಕುಳಿತವನ ಅಡಿಕೆ ಉದುರುತ್ತದೆ. ಹೊಟ್ಟೂ ಅಂತಹದ್ದೇ. ಸರಿಯಾದ ಮದ್ದು, ಸರಿಯಾದ ಹೊತ್ತಿಗೆ, ಮತ್ತೆ ಮತ್ತೆ.

ಬೋಳಿಸಿದರೆ ಕೂದಲು ದಪ್ಪಗೆ, ಕಪ್ಪಗೆ ಬರುತ್ತದೆ ಎಂಬ ಇನ್ನೊಂದು ನಂಬಿಕೆ ಉಂಟಲ್ಲ, ಅದೂ ನಿಲ್ಲುವ ಮಾತಲ್ಲ. ೧೯೨೮ರಲ್ಲಿಯೇ ಅಮೇರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾಶಾಸ್ತ್ರಜ್ಞೆ ಗಂಡಸರ ಗಡ್ಡದ ಕೂದಲನ್ನು ಅಳೆದು ನೋಡಿ, ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದರು. ತುದಿ ಮೊಂಡಾಗಿ ಕತ್ತರಿಸಲ್ಪಟ್ಟ ಕಾರಣ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೆ.

ಹಾಗೆಂದು ಚೌಲಕ್ಕೋ ಹರಕೆಗೋ ಮುಡಿ ಕೊಡುವವರ ಕುರಿತು ನನ್ನ ಆಕ್ಷೇಪವಿಲ್ಲ. ಹರಕೆಯ ಮುಡಿ ಬೇರೆ, ಮದ್ದಿನ ಮುಡಿ ಬೇರೆ. ಒಂದು ಭಕ್ತಿಯ ವಿಷಯ. ಇನ್ನೊಂದು ಚರ್ಮದ ವಿಷಯ. ಅದಕ್ಕೆ ಚರ್ಮದ ಲೆಕ್ಕವೇ ಬೇಕು.

ಹೊಟ್ಟಲ್ಲದ ಹೊಟ್ಟುಗಳು

ತಲೆಯಿಂದ ಬಿಳಿ ಪುಡಿ ಉದುರಿದ್ದೆಲ್ಲ ಹೊಟ್ಟಲ್ಲ ಎಂಬುದು ಈ ಲೇಖನದ ಮುಖ್ಯ ಮಾತು.

ಮೊದಲನೆಯದು ತಲೆಯ ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಲ್ಲ. ಇನ್ನೊಂದು ಜಾತಿಯ ಶಿಲೀಂಧ್ರ. ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳಿಗೆ ಬರುತ್ತದೆ. ಬಾಚಣಿಗೆ, ಬೈರಾಸು, ಟೊಪ್ಪಿ, ತಲೆದಿಂಬು, ಕ್ಷೌರದ ಯಂತ್ರ, ಕೆಲವೊಮ್ಮೆ ಮನೆಯ ಬೆಕ್ಕು ನಾಯಿಗಳಿಂದಲೂ ಅಂಟುತ್ತದೆ. ತಲೆಯ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಅಲ್ಲಲ್ಲಿ ಮಚ್ಚೆಯಾಗಿ ಇರುತ್ತದೆ. ಆ ಜಾಗದಲ್ಲಿ ಕೂದಲು ಬುಡದಲ್ಲಿಯೇ ಮುರಿದು ಕಪ್ಪು ಚುಕ್ಕೆಗಳಂತೆ ಕಾಣಬಹುದು. ಕೆಲವರಿಗೆ ಊದಿ ಕೀವು ತುಂಬುತ್ತದೆ, ಕುತ್ತಿಗೆಯಲ್ಲಿ ಗಡ್ಡೆ ಕಟ್ಟುತ್ತದೆ. ಹಾಗೆ ಕೀವಾದ ಜಾಗಕ್ಕೆ ಸರಿಯಾದ ಚಿಕಿತ್ಸೆ ತಡವಾದರೆ ಅಲ್ಲಿ ಮತ್ತೆ ಕೂದಲು ಬಾರದೆ ಹೋಗುವುದೂ ಉಂಟು.

ಈ ಶಿಲೀಂಧ್ರ ಕೂದಲಿನ ಒಳಗೇ, ಚರ್ಮದ ಕೆಳಗಿನ ಬುಡದವರೆಗೆ ಇಳಿದಿರುತ್ತದೆ. ಆದುದರಿಂದ ಮೇಲೆ ಹಚ್ಚುವ ಮುಲಾಮು ಸಾಲದು. ವೈದ್ಯರು ಕೊಡುವ ಮಾತ್ರೆಯನ್ನು, ಅದರ ಜಾತಿಗೆ ತಕ್ಕಂತೆ, ನಾಲ್ಕರಿಂದ ಎಂಟು ವಾರ ತಪ್ಪದೆ ನುಂಗಬೇಕು. ಬೋಳಿಸಿದರೆ ಬುಡದ ಶಿಲೀಂಧ್ರ ಅಲ್ಲೇ ಉಳಿಯುತ್ತದೆ. ವೈದ್ಯರು ನೋಡಬೇಕಾದ ಮುರಿದ ಕೂದಲಿನ ಗುರುತೂ ಅಳಿಸಿಹೋಗುತ್ತದೆ. ಅದೇ ಯಂತ್ರ ಮುಂದಿನ ಮಗುವಿನ ತಲೆಗೆ ಹೋದರೆ ರೋಗವೂ ಅದರ ಜೊತೆ ಹೋಗುತ್ತದೆ.

ಎರಡನೆಯದು ಸೋರಿಯಾಸಿಸ್. ದಪ್ಪನೆಯ, ಬೆಳ್ಳಿಯಂತೆ ಹೊಳೆಯುವ ಪೊರೆ; ಕೂದಲ ಗಡಿ ದಾಟಿ ಹಣೆಗೆ, ಕಿವಿಯ ಹಿಂದಕ್ಕೆ ಇಳಿಯುತ್ತದೆ; ಮೊಣಕೈ ಮೊಣಕಾಲುಗಳಲ್ಲಿಯೂ ಇರಬಹುದು. ಇದು ಅಂಟುವುದಿಲ್ಲ. ಆದರೆ ಈ ರೋಗವಿದ್ದವರ ಚರ್ಮಕ್ಕೆ ಗಾಯವಾದಲ್ಲಿ ಹೊಸ ಮಚ್ಚೆ ಏಳುವ ಸ್ವಭಾವ ಉಂಟು. ಕತ್ತಿ ತಾಗಿ ಗೀರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಮೂರನೆಯದು ಹೇನು. ಸೀರನ್ನು ನೋಡಿ ಹೊಟ್ಟೆಂದು ತಿಳಿಯುವವರು ಇದ್ದಾರೆ. ಪರೀಕ್ಷೆ ಸುಲಭ: ಹೊಟ್ಟು ಊದಿದರೆ ಹಾರುತ್ತದೆ, ಸೀರು ಕೂದಲಿಗೆ ಅಂಟಿಕೊಂಡು ಅಲುಗದೆ ಕೂರುತ್ತದೆ. ಬೋಳಿಸಿದರೆ ಹೇನು ಹೋಗುವುದು ನಿಜ. ಆದರೆ ಅದಕ್ಕಾಗಿ ಹೆಣ್ಣುಮಗುವಿನ ತಲೆ ಬೋಳಿಸಬೇಕೆಂದಿಲ್ಲ. ಒದ್ದೆ ಕೂದಲಿಗೆ ಹಲ್ಲು ಒತ್ತಾದ ಹೇನಿನ ಬಾಚಣಿಗೆ ಹಾಕಿ ಮೂರು ನಾಲ್ಕು ದಿನಕ್ಕೊಮ್ಮೆ ಎರಡು ಮೂರು ವಾರ ತಾಳ್ಮೆಯಿಂದ ಬಾಚಬೇಕು. ಇಲ್ಲವೇ ವೈದ್ಯರು ಹೇಳಿದ ಮದ್ದು ಹಚ್ಚಿ, ಸೀರು ಒಡೆದು ಮರಿ ಬರುವ ಏಳರಿಂದ ಹತ್ತು ದಿನಗಳ ಮೇಲೆ ಇನ್ನೊಮ್ಮೆ ಹಚ್ಚಬೇಕು. ಮನೆಯವರೆಲ್ಲರ ತಲೆಯನ್ನೂ ನೋಡಬೇಕು. ಚಿಮಿಣಿ ಎಣ್ಣೆ ಹಾಕುವ ಹಳೆಯ ಕ್ರಮ ಬೆಂಕಿಗೆ ಕರೆ ಕೊಟ್ಟ ಹಾಗೆ. ತೋಟದ ಕೀಟನಾಶಕವನ್ನಂತೂ ಮಕ್ಕಳ ತಲೆಗೆ ಮುಟ್ಟಿಸಲೇಬಾರದು. ಕೀಟನಾಶಕ ಏನು ಮಾಡೀತೆಂದು ಎಂಡೋಸಲ್ಫಾನ್ ಕಂಡ ಈ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಕೂದಲನ್ನೇ ತೆಗೆದ ಒಂದು ಕಾಲ

"ಕೂದಲಿದ್ದರೆ ತಾನೇ ರೋಗ, ಅದನ್ನೇ ತೆಗೆದರಾಯಿತು" ಎಂಬ ಯೋಚನೆ ನಮ್ಮ ಹಳ್ಳಿಯವರದ್ದು ಮಾತ್ರವಲ್ಲ. ದೊಡ್ಡ ದೊಡ್ಡ ವೈದ್ಯರೂ ಹಾಗೆ ಯೋಚಿಸಿದ ಕಾಲವೊಂದಿತ್ತು. ತಲೆಯ ಹುಳುಕಡ್ಡಿಗೆ ಮಾತ್ರೆ ಇಲ್ಲದ ದಿನಗಳು ಅವು. ಕ್ಷೌರದಿಂದ ಬುಡದ ಶಿಲೀಂಧ್ರ ಹೋಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹಾಗಾದರೆ ಬುಡದಿಂದಲೇ ಕೂದಲು ಉದುರುವಂತೆ ಮಾಡಿದರೆ? ೧೯೦೪ರಲ್ಲಿ ಪ್ಯಾರಿಸಿನ ಚರ್ಮವೈದ್ಯ ರೇಮಂಡ್ ಸಾಬುರೋ, ಎಕ್ಸ್‌ರೇ ಕಿರಣಗಳನ್ನು ತಲೆಗೆ ಹಾಯಿಸಿ ಕೂದಲನ್ನು ಉದುರಿಸುವ ಕ್ರಮವನ್ನು ಬಳಕೆಗೆ ತಂದರು. ಕೂದಲು ಉದುರಿತು, ರೋಗ ಗುಣವಾಯಿತು, ಕೆಲವು ತಿಂಗಳಲ್ಲಿ ಕೂದಲು ಮರಳಿ ಬಂತು. ಜಗತ್ತಿನ ಹಲವು ದೇಶಗಳಲ್ಲಿ ಅರ್ಧ ಶತಮಾನದಷ್ಟು ಕಾಲ ಇದೇ ಚಿಕಿತ್ಸೆ ನಡೆಯಿತು.

೧೯೪೮ರಿಂದ ೧೯೬೦ರ ವರೆಗೆ ಇಸ್ರೇಲಿನಲ್ಲಿ ಸುಮಾರು ಇಪ್ಪತ್ತು ಸಾವಿರ ಮಕ್ಕಳ ತಲೆಗೆ ಹೀಗೆ ಕಿರಣ ಹಾಯಿಸಿದರು. ಅವರಲ್ಲಿ ಹೆಚ್ಚಿನವರು ಉತ್ತರ ಆಫ್ರಿಕ, ಮಧ್ಯಪ್ರಾಚ್ಯಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಲೆಕ್ಕ ಬೇರೆಯಾಯಿತು. ೧೯೭೪ರಲ್ಲಿ ಬಾರೂಕ್ ಮೊದಾನ್ ಮತ್ತು ಅವರ ಜೊತೆಗಾರರು, ಕಿರಣ ಪಡೆದವರಲ್ಲಿ ತಲೆ ಮತ್ತು ಕುತ್ತಿಗೆಯ ಗಡ್ಡೆಗಳು ಉಳಿದವರಿಗಿಂತ ಹೆಚ್ಚಾಗಿವೆ ಎಂದು ಪ್ರಕಟಿಸಿದರು. ೧೯೯೪ರಲ್ಲಿ ಆ ದೇಶ ಇವರ ಪರಿಹಾರಕ್ಕಾಗಿಯೇ ಒಂದು ಕಾನೂನನ್ನು ಮಾಡಬೇಕಾಯಿತು.

ಈ ಚಿಕಿತ್ಸೆಗೆ ಕೊನೆ ತಂದದ್ದು ಒಂದು ಮಾತ್ರೆ. ಗ್ರೀಸಿಯೋಫಲ್ವಿನ್ ಎಂಬ ಪದಾರ್ಥವನ್ನು ೧೯೩೯ರಲ್ಲಿಯೇ ಒಂದು ಬೂಸ್ಟಿನಿಂದ ಬೇರ್ಪಡಿಸಿದ್ದರು. ಅದನ್ನು ನುಂಗಿದರೆ ಹುಳುಕಡ್ಡಿ ಗುಣವಾಗುತ್ತದೆ ಎಂಬುದು ೧೯೫೮ರ ಹೊತ್ತಿಗೆ ಖಚಿತವಾಯಿತು. ಬೂಸ್ಟಿನಿಂದ ಬಂದ ಮದ್ದೇ ಬೂಸ್ಟಿನ ರೋಗವನ್ನು ಕಳೆಯಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುವುದಿಲ್ಲವೇ? ಇಂದು ಅದೇ ಮಾತ್ರೆ, ಮತ್ತು ಆಮೇಲೆ ಬಂದ ಟರ್ಬಿನಾಫಿನ್ ಮುಂತಾದವು, ನಮ್ಮ ಪೇಟೆಗಳಲ್ಲಿಯೇ ಸಿಗುತ್ತವೆ. ವಿಷಾದದ ಸಂಗತಿಯೆಂದರೆ, ಮದ್ದು ಕೈಗೆ ಬಂದ ಮೇಲೆಯೂ ಅದು ಹೊಟ್ಟೆಗೆ ಹೋಗದೆ ಇರುವುದಕ್ಕೆ ನಮ್ಮಲ್ಲಿ ಬೇರೆ ಕಾರಣಗಳಿವೆ. ಈಗ ಆ ಸೋಮವಾರಕ್ಕೆ ಬರುತ್ತೇನೆ.

ಓದಲಾಗದ ಚೀಟಿ

ಆಸ್ಪತ್ರೆಯಲ್ಲಿ ವೈದ್ಯೆ ಇಬ್ಬರು ಮಕ್ಕಳ ತಲೆಯನ್ನೂ ಬೆಳಕಿಗೆ ಹಿಡಿದು ನೋಡಿದರು. "ಅಣ್ಣನಿಂದ ತಂಗಿಗೆ ಅಂಟಿದೆ. ಇದು ಹೊಟ್ಟಲ್ಲ, ಹುಳುಕಡ್ಡಿ" ಎಂದು ಮಲಯಾಳದಲ್ಲಿ ಹೇಳಿದರು. ಹುಡುಗನ ಹಳೆಯ ಚೀಟಿ ಕೇಳಿದರು. ತಾಯಿ ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟರು. ನಾನೂ ಬಗ್ಗಿ ಓದಿದೆ. ಎರಡು ತಿಂಗಳ ಹಿಂದೆ ಬೇರೊಂದು ಕಡೆ ಕೊಟ್ಟ ಚೀಟಿ ಅದು. ಮದ್ದಿನ ಹೆಸರು ಇಂಗ್ಲಿಷಿನಲ್ಲಿ. ಕೆಳಗೆ ಮಲಯಾಳದಲ್ಲಿ ಮೂರು ಸಾಲು. ಮಾತ್ರೆಯನ್ನು ಊಟದ ಜೊತೆಗೆ ನುಂಗಬೇಕು, ತುರಿಕೆ ಹೋಯಿತೆಂದು ನಿಲ್ಲಿಸಬಾರದು. ಎರಡು ವಾರ ಕಳೆದು ಬಂದು ಉಳಿದ ಮಾತ್ರೆ ಪಡೆಯಬೇಕು, ಒಟ್ಟು ಆರು ವಾರ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಕರೆತರಬೇಕು.

ವೈದ್ಯರು ಬರೆಯಬೇಕಾದ್ದನ್ನೆಲ್ಲ ಬರೆದಿದ್ದರು. ಆದರೆ ಓದಬೇಕಾದವರಿಗೆ ಆ ಅಕ್ಷರ ಬಾರದು. ತಾಯಿ ಕನ್ನಡದಲ್ಲಿ ಏಳನೆಯವರೆಗೆ ಓದಿದವರು. ಈ ಪತ್ರಿಕೆಯನ್ನು ಅಂಗಡಿಯಿಂದ ತರಿಸಿ ಓದುವವರು. ಮಲಯಾಳ ಮಾತು ಅರ್ಥವಾಗುತ್ತದೆ, ಬರಹ ಓದಲು ಬಾರದು. ಅಂದು ಗಡಿಬಿಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಇವರು ಕೇಳಲಿಲ್ಲ. ಹತ್ತು ದಿನದಲ್ಲಿ ತುರಿಕೆ ಕಡಿಮೆಯಾಯಿತು, ಮಾತ್ರೆ ನಿಂತಿತು. ತಿಂಗಳೊಳಗೆ ಮಚ್ಚೆ ಮರಳಿತು. "ಆಸ್ಪತ್ರೆ ಮದ್ದಿನಿಂದ ಪ್ರಯೋಜನ ಇಲ್ಲ" ಎಂದಾಯಿತು. ಕೊನೆಗೆ ಕತ್ತಿ ಬಂತು.

ಆ ದಿನ ಹೊಸ ಚೀಟಿಯ ಹಿಂಬದಿಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಇದರಲ್ಲಿ ಔದಾರ್ಯವೇನೂ ಇಲ್ಲ. ಐದು ನಿಮಿಷದ ಕೆಲಸ. ಎರಡು ಲಿಪಿ ಬಲ್ಲ ನಮ್ಮ ಶಾಲೆಯ ಮಕ್ಕಳು ಯಾರೂ ಇದನ್ನು ಮಾಡಬಹುದು. ಮನೆಯಲ್ಲಿ ಅಜ್ಜಿಯ, ಅಮ್ಮನ ಮದ್ದಿನ ಚೀಟಿ ಬಂದ ದಿನವೇ ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದನ್ನು ಈಗ ನಾನು ಮಕ್ಕಳಿಗೆ ಮನೆಗೆಲಸವಾಗಿಯೇ ಕೊಡುತ್ತೇನೆ. ಓದಲಾಗದಿದ್ದರೆ "ಒಮ್ಮೆ ಓದಿ ಹೇಳಿ" ಎಂದು ಮದ್ದಿನ ಅಂಗಡಿಯಲ್ಲಿ ಕೇಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ.

ಹೊಟ್ಟಿಗೆ ಮಾಡಬೇಕಾದದ್ದು

ಇನ್ನು ನಿಜವಾದ ಹೊಟ್ಟಿದ್ದವರ ವಿಷಯ. ನನಗೆ ಗುಣ ಕಂಡದ್ದು ವೈದ್ಯರು ಹೇಳಿದ ಶಾಂಪೂವಿನಿಂದ. ಕಿಟೋಕೊನಜೋಲ್, ಸತುವಿನ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಇವುಗಳಲ್ಲಿ ಯಾವುದಾದರೊಂದು ಇರುವ ಶಾಂಪೂಗಳು ಶಿಲೀಂಧ್ರವನ್ನು ತಗ್ಗಿಸುತ್ತವೆ. ಸ್ಯಾಲಿಸಿಲಿಕ್ ಆಮ್ಲವಿದ್ದದ್ದು ಕಟ್ಟಿದ ಪೊರೆಯನ್ನು ಸಡಿಲಿಸುತ್ತದೆ. ಕಿಟೋಕೊನಜೋಲ್ ಶಾಂಪೂವನ್ನು ಸಾಮಾನ್ಯವಾಗಿ ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಳಸಲು ಹೇಳುತ್ತಾರೆ.

ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಹಚ್ಚಿದ ಕೂಡಲೇ ತೊಳೆದುಬಿಡುತ್ತಾರೆ. ಮದ್ದು ಚರ್ಮದ ಮೇಲೆ ಮೂರರಿಂದ ಐದು ನಿಮಿಷ ನಿಲ್ಲಬೇಕು. ಗಡಿಯಾರ ಇಲ್ಲದಿದ್ದರೆ ಎರಡರಿಂದ ಹತ್ತರವರೆಗಿನ ಮಗ್ಗಿಯನ್ನು ನಿಧಾನವಾಗಿ ಹೇಳಿ ಮುಗಿಸಿ. ಮದ್ದೂ ಹಿಡಿಯುತ್ತದೆ, ಮಗ್ಗಿಯೂ ಮರೆಯುವುದಿಲ್ಲ!

ತೆಂಗಿನ ನಾಡಿನಲ್ಲಿ ಎಣ್ಣೆ ಬೇಡವೆನ್ನುವ ಧೈರ್ಯ ನನಗಿಲ್ಲ. ಮಿಂದು ತೊಳೆಯುವ ಮೊದಲು ಅರ್ಧ ಗಂಟೆ ಎಣ್ಣೆ ಹಚ್ಚಿದರೆ ಪೊರೆ ಮೆದುವಾಗುತ್ತದೆ. ಆದರೆ ಹೊಟ್ಟು ಹೆಚ್ಚಿರುವಾಗ ದಿನಗಟ್ಟಲೆ ಎಣ್ಣೆ ಮೆತ್ತಿ ತಲೆಯನ್ನು ಜಿಡ್ಡಾಗಿ ಇಡುವುದು ಸರಿಯಲ್ಲ. ದಾಸವಾಳದ ಗೊಂಪು, ಶೀಗೆ, ಅಂಟುವಾಳ ಇವೆಲ್ಲ ತಲೆ ತೊಳೆಯುವುದಕ್ಕೆ ಒಳ್ಳೆಯವೇ. ಚೆನ್ನಾಗಿ ತೊಳೆದು ತೆಗೆಯದೆ ಉಳಿದ ಸೊಪ್ಪಿನ ಚೂರುಗಳು ಮಾತ್ರ ಹೊಟ್ಟಿಗೆ ಸೇರುವ ಲೆಕ್ಕ. ಮಳೆಗಾಲದಲ್ಲಿ ಒದ್ದೆ ಕೂದಲನ್ನು ಹಾಗೆಯೇ ಜಡೆ ಹಾಕಿ ಶಾಲೆಗೆ ಕಳಿಸಬೇಡಿ. ಅಂಗಡಿಯಲ್ಲಿ "ತುರಿಕೆಗೆ ಏನಾದರೂ ಟ್ಯೂಬ್ ಕೊಡಿ" ಎಂದು ಕೇಳಿ ಹಚ್ಚಬೇಡಿ. ಹಾಗೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ತುರಿಕೆಯನ್ನು ಅಡಗಿಸಿ ಹುಳುಕಡ್ಡಿಯನ್ನು ಒಳಗಿಂದೊಳಗೆ ಬೆಳೆಸುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ೨೦೧೮ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ.

ನಾಲ್ಕು ವಾರದಲ್ಲಿ ಕಡಿಮೆಯಾಗದಿದ್ದರೆ, ಕೂದಲು ಮಚ್ಚೆ ಮಚ್ಚೆಯಾಗಿ ಉದುರಿದರೆ, ಕೀವು, ನೋವು, ಊತ ಇದ್ದರೆ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡಿದರೆ, ಅಥವಾ ಪ್ರಾಯಕ್ಕೆ ಬಾರದ ಮಗುವಿನ ತಲೆಯಾದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಹೊಟ್ಟು ಒಮ್ಮೆ ಹೋದರೆ ಶಾಶ್ವತವಾಗಿ ಹೋಯಿತೆಂದು ಯಾರೂ ಮಾತು ಕೊಡಲಾರರು. ಹತೋಟಿಯಲ್ಲಿ ಇಡಬಹುದು. ನನ್ನದು ಈಗ ಹಾಗೆ ಉಂಟು. ಗಾಢ ಬಣ್ಣದ ಅಂಗಿಯನ್ನೂ ಹಾಕುತ್ತೇನೆ.

ಬೋಳಿಸಲೇಬೇಕಾದರೆ

ಹರಕೆಗೋ, ಕ್ರಿಯೆಗೋ, ಸ್ವಂತ ಇಷ್ಟಕ್ಕೋ ಬೋಳಿಸುವವರು ಎರಡು ವಿಷಯ ಗಮನಿಸಿ. ಬ್ಲೇಡನ್ನು ನಿಮ್ಮ ಕಣ್ಣೆದುರೇ ಹೊಸತಾಗಿ ಬಿಡಿಸಿ ಹಾಕಿಸಿ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಏಳು ದಿನ ಬದುಕಿರಬಲ್ಲುದು. ಕಣ್ಣಿಗೆ ಕಾಣದ ಒಂದು ಗೀರು ಸಾಕು. ಕ್ಷೌರದ ಮೇಲೆ ಉಜ್ಜುವ ಪಟಿಕದ ಕಲ್ಲು ರಕ್ತ ನಿಲ್ಲಿಸುತ್ತದೆ, ವೈರಾಣುವನ್ನು ಕೊಲ್ಲುವ ನಂಬಿಕೆ ಬೇಡ. ಹಲವರಿಗೆ ಉಜ್ಜಿದ ಕಲ್ಲು ನಿಮಗೆ ಬೇಡವೇ ಬೇಡ. ಎರಡನೆಯದಾಗಿ, ಹೊಸತಾಗಿ ಬೋಳಾದ ತಲೆಗೆ ಬಿಸಿಲು ಹೊಸತು. ಕೆಲವು ದಿನ ಟೊಪ್ಪಿಯೋ ಕೊಡೆಯೋ ಇರಲಿ. ತಲೆಯಲ್ಲಿ ಹುಣ್ಣು, ಕೀವು ಇದ್ದಾಗ ಕತ್ತಿ ಮುಟ್ಟಿಸಬೇಡಿ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತು. ದೊಡ್ಡವನು ತಾನಾಗಿ ತಲೆ ಬೋಳಿಸಿಕೊಂಡರೆ ಅದು ಅವನ ಇಷ್ಟ. ಹದಿಮೂರು ವರ್ಷದ ಹುಡುಗನನ್ನು ಕೂರಿಸಿ ಬೋಳಿಸಿದರೆ ಅದು ಶಿಕ್ಷೆಯ ಹಾಗೆ. ಹೆಣ್ಣುಮಗುವಿಗಂತೂ ಇನ್ನೂ ಕಠಿಣ. ಗಂಡ ಸತ್ತ ಹೆಣ್ಣಿನ ತಲೆಯನ್ನು ಬಲವಂತದಿಂದ ಬೋಳಿಸುತ್ತಿದ್ದ ಕಾಲವನ್ನು ನಮ್ಮ ಕೆಲವು ಮನೆತನಗಳು ಮರೆತಿಲ್ಲ. ಆ ನೋವಿನ ನೆರಳು ಹೆಣ್ಣಿನ ಬೋಳುತಲೆಯ ಮೇಲೆ ಇನ್ನೂ ಉಂಟು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಬೇಡ.

ನಾನು ಮಾಡಿದ ತಪ್ಪಿನ ಲೆಕ್ಕವನ್ನೂ ಒಪ್ಪಿಸಿ ಮುಗಿಸುತ್ತೇನೆ. ಹುಡುಗ ಶಾಲೆಗೆ ಮರಳಿದ ದಿನ ತರಗತಿಯಲ್ಲಿ ಪಾಠ ಮಾಡಲಿಲ್ಲ. ನನ್ನ ಹೊಟ್ಟಿನ ಕಥೆ ಹೇಳಿದೆ. ಬೋಧನಾಭ್ಯಾಸದಲ್ಲಿ ಮಕ್ಕಳು ನಕ್ಕದ್ದನ್ನೂ ಹೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ, ಎಲ್ಲರೆದುರು ಅವನ ಬೈರಾಸು ತೆಗೆಸಿದ್ದು ನನ್ನ ತಪ್ಪೆಂದು ಎಲ್ಲರೆದುರೇ ಹೇಳಿದೆ. ಮಾತ್ರೆ ಶುರುವಾದ ಕಾರಣ ಶಾಲೆಗೆ ಬರಬಹುದೆಂದು ವೈದ್ಯೆ ಹೇಳಿದ್ದರು. ಬಾಚಣಿಗೆ ಬೈರಾಸು ಹಂಚಿಕೊಳ್ಳಬಾರದು, ಪಕ್ಕದಲ್ಲಿ ಕುಳಿತುಕೊಳ್ಳಲು ಅಡ್ಡಿಯಿಲ್ಲ ಎಂದು ತಿಳಿಸಿದೆ. ಇಂಟರ್‌ವೆಲ್ ಕಳೆದು ಬಂದಾಗ ಹಿಂದಿನ ಬೆಂಚಿನಲ್ಲಿ ಅವನ ಜೊತೆ ಇಬ್ಬರು ಕುಳಿತಿದ್ದರು.

ಎಂಟು ವಾರಗಳ ಮೇಲೆ ಒಂದು ಸಂಜೆ ಅವನ ತಾಯಿ ದಾರಿಯಲ್ಲಿ ಸಿಕ್ಕಿದರು. "ಮಾತ್ರೆ ಮುಗಿಯಿತು ಮಾಷ್ಟ್ರೇ. ನೀವು ಬರೆದ ಚೀಟಿ ಇನ್ನೂ ಗೋಡೆಯಲ್ಲಿ ಉಂ‌ಟು" ಎಂದರು. ಅವರ ಕೈ ಹಿಡಿದು ಚಿಕ್ಕವಳು ನಿಂತಿದ್ದಳು. ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿತ್ತು.